ತುಂಬ ಹಳೆಯ ಹಾಡು

ತಪ್ಪು ಇಲಿಯದು. ಪರಮಪ್ರಸಾದದ ಹೊತ್ತಿಗೆ ಹಾಡಬೇಕಾಗಿದ್ದ ಹಾಡನ್ನು ಅದು ಪುಸ್ತಕದಿಂದ ಸಂಪೂರ್ಣವಾಗಿ ತಿಂದುಹಾಕಿ, ಪುಟದ ನಂಬರನ್ನು ಮಾತ್ರ ಮೂಲೆಯಲ್ಲಿ ಉಳಿಸಿತ್ತು. ಇಲಿಗಳಿಗೆ ಲೆಕ್ಕದಲ್ಲಿ ರುಚಿಯಿಲ್ಲ.

ಭಾನುವಾರ ಬೆಳಗಿನ ಪೂಜೆಯಲ್ಲಿ ಹಾಡು ಎತ್ತಿಕೊಡುವ ಕೆಲಸ ಪಂಕ್ಚರ್ ಅಂಗಡಿಯವನದು. ಉಳಿದ ದಿನವೆಲ್ಲ ಅವನು ರಸ್ತೆ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿರುತ್ತಾನೆ. ಊರೆಲ್ಲ ಅವನನ್ನು ಪಂಕ್ಚರಣ್ಣ ಎನ್ನುತ್ತದೆ. ಜ್ಞಾನಸ್ನಾನ ಕೊಟ್ಟು ಹೆಸರಿಟ್ಟ ಚರ್ಚಿನ ಫಾದರ್ ಕೂಡ ಹಾಗೇ ಕರೆಯುತ್ತಾರೆ. ಭಾನುವಾರ ಮಾತ್ರ ಅವನು ಬಾಯಿ ತೆಗೆದ ಮೇಲೆಯೇ ಉಳಿದವರು ಬಾಯಿ ತೆಗೆಯಬೇಕು. ಟಿಂಬರ್ ಸಾಹುಕಾರರೂ ಅಷ್ಟೆ, ಹೆಡ್ಮಾಸ್ಟರೂ ಅಷ್ಟೆ. ಅವನ ಬದುಕಿನಲ್ಲಿ ನಾಲ್ಕು ಜನ ಅವನ ಹಿಂದೆ ಬರುವ ಹೊತ್ತು ಅದೊಂದೇ.

ಈಗ ಜನ ಸಾಲಾಗಿ ಬಲಿಪೀಠದ ಕಡೆಗೆ ಹೊರಟಿದ್ದರು. ಫಾದರ್ ಇವನ ಕಡೆ ನೋಡಿದರು. ಇವನು ಪುಸ್ತಕದ ಕಡೆ ನೋಡಿದ. ಪುಸ್ತಕದ ತೂತಿನಿಂದ ಮೊಣಕಾಲು ಕಾಣಿಸಿತು. ಬೇರೆ ಯಾವ ಹಾಡೂ ನೆನಪಿಗೆ ಬರಲಿಲ್ಲ. ಬಂದದ್ದು ಒಂದೇ, ಅವನದೇ. ಅಮ್ಮ ಕೊನೆಯ ಉಸಿರಿಗೆ ಒದ್ದಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಅವನು ತಾನೇ ಕಟ್ಟಿ ಹಾಡಿದ್ದು. ಕಣ್ಣು ಮುಚ್ಚಿ ಎತ್ತಿಕೊಂಡ:

ತೂತು ಬಿದ್ದ ಜೀವ ನಂದು, ತೇಪೆ ಹಾಕೋ ತಂದೆ,
ಅರ್ಧ ದಾರೀಲಿ ಕೂತುಬಿಟ್ಟೆ, ಯಾರೂ ಬರಲಿಲ್ಲ ಹಿಂದೆ.
ನಿನ್ನ ಉಸಿರ ನನಗೆ ತುಂಬು, ನೆಟ್ಟಗೆ ಎದ್ದು ನಿಲ್ಲುವೆ,
ಮಿಕ್ಕ ದಾರಿ ಎಷ್ಟೇ ಇರಲಿ, ಉರುಳಿಕೊಂಡೇ ಬರುವೆ.

ಕಣ್ಣಿರುವ ಯಾರಿಗಾದರೂ ಇದನ್ನು ಯಾವ ಕಸುಬಿನವನು ಕಟ್ಟಿರಬಹುದೆಂದು ಹೊಳೆಯಬೇಕಿತ್ತು. ಆದರೆ ಚರ್ಚಿನಲ್ಲಿ ಜನ ಕಣ್ಣು ಮುಚ್ಚಿಕೊಂಡಿರುತ್ತಾರೆ. ಎರಡನೆಯ ಸುತ್ತಿಗೆ ಹಿಂದಿನ ಬೆಂಚಿನ ಮನೆಗೆಲಸದ ಹೆಂಗಸರು ದನಿಗೂಡಿಸಿದರು. ಮೂರನೆಯದಕ್ಕೆ ಮುಂದಿನ ಬೆಂಚಿನವರು ಗಡಿಯಾರ ನೋಡುವುದನ್ನು ಬಿಟ್ಟರು. ಟಿಂಬರ್ ಸಾಹುಕಾರರ ಮುದಿ ಸೋದರತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಪೂಜೆ ಮುಗಿದು ಹೊರಗೆ ಬರುವಷ್ಟರಲ್ಲಿ ಹೆಡ್ಮಾಸ್ಟರು ಬಾಗಿಲಲ್ಲೇ ಹಿಡಿದರು. ಅವರು ಕೆಲಸದಿಂದ ನಿವೃತ್ತರಾಗಿದ್ದರೂ ತಿದ್ದುವುದರಿಂದ ನಿವೃತ್ತರಾಗಿರಲಿಲ್ಲ. ಹೊಸ ಹಾಡಿನ ಪುಸ್ತಕದ ಸಮಿತಿಗೆ ಅವರೇ ಕಾರ್ಯದರ್ಶಿ.

"ಏನಯ್ಯ, ಯಾರದದು ಹಾಡು?"

ಹಾಡಿನ ಪುಸ್ತಕದ ಸಮಿತಿಯ ಮೊದಲನೆಯ ಸಭೆಯಲ್ಲೇ ಹೆಡ್ಮಾಸ್ಟರು ಒಂದು ನಿಯಮ ಮಾಡಿಸಿದ್ದರು: ಬದುಕಿರುವವರ ಹಾಡನ್ನು ಸೇರಿಸಕೂಡದು. "ಸತ್ತೋರು ಗೌರವಧನ ಕೇಳಲ್ಲ, ವೇದಿಕೆ ಮೇಲೆ ಕುರ್ಚಿ ಕೇಳಲ್ಲ, ತಿದ್ದಿದ್ರೆ ಜಗಳಕ್ಕೆ ಬರಲ್ಲ. ಬದುಕಿರೋನು ಇವತ್ತು ದೇವರ ಹಾಡು ಬರೀತಾನೆ, ನಾಳೆ ಯಾರ ಜೊತೆ ಓಡಿಹೋಗ್ತಾನೋ ಯಾರು ಕಂಡೋರು," ಎಂದಿದ್ದರು. ಎಲ್ಲರೂ ತಲೆದೂಗಿದ್ದರು. ಪಂಕ್ಚರಣ್ಣನಿಗೂ ಅದು ನೆನಪಿತ್ತು.

ಅವನಿಗೆ ಆ ಕ್ಷಣದಲ್ಲಿ ಆಸೆ ಹುಟ್ಟಿತು. ಅಮ್ಮ ಜೀವಮಾನವೆಲ್ಲ ಈ ಚರ್ಚಿನ ಕಸ ಗುಡಿಸಿದವಳು. ಪ್ರತಿ ಬೆಂಚಿಗೂ ಅದನ್ನು ಮಾಡಿಸಿಕೊಟ್ಟ ದಾನಿಯ ಹೆಸರಿನ ಹಿತ್ತಾಳೆ ಪಟ್ಟಿ ಇತ್ತು. ಬೂದಿ ಹಾಕಿ ಉಜ್ಜಿ ಅದು ಹೊಳೆಯುವಂತೆ ಮಾಡುತ್ತಿದ್ದವಳು ಅವಳು. ಓದಲು ಬಾರದಿದ್ದರೂ ಯಾವ ಹೆಸರಿನಲ್ಲಿ ಎಷ್ಟು ಕೊಳೆ ಕೂರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಹೆಸರು ಗೋರಿಯ ಮೇಲೂ ಇಲ್ಲ, ಅಲ್ಲೊಂದು ಮರದ ಶಿಲುಬೆಯಿತ್ತು, ಅದೂ ಮಳೆಗೆ ಓರೆಯಾಗಿತ್ತು. ಅವಳಿಗಾಗಿ ಕಟ್ಟಿದ ಹಾಡು ಹೊಸ ಪುಸ್ತಕದಲ್ಲಿ ಅಚ್ಚಾಗಿಬಿಟ್ಟರೆ ಅವಳದೂ ಒಂದು ಗುರುತು ಈ ಚರ್ಚಿನೊಳಗೆ ಇರುತ್ತದೆ. ತನ್ನ ಹೆಸರು ಬೇಡ, ಹಾಡು ಸೇರಿದರೆ ಸಾಕು.

"ಹಳೇದು ಸಾರ್," ಎಂದ.

"ಎಷ್ಟು ಹಳೇದು?"

"ತುಂಬ ಹಳೇದು ಸಾರ್."

ಹೆಡ್ಮಾಸ್ಟರು ಕಣ್ಣು ಕಿರಿದು ಮಾಡಿ ಆಕಾಶ ನೋಡಿದರು. "ಅದಕ್ಕೇ ಅಂದ್ಕೊಂಡೆ. ಈಗಿನೋರ ಕೈಲಿ ಇಂಥ ಭಾಷೆ ಸಾಧ್ಯವಿಲ್ಲ. ಕಡಿಮೆ ಅಂದ್ರೂ ನೂರು ವರ್ಷದ್ದು. ಬಾ ಒಳಗೆ."

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ನಮೂನೆಗೆಂದು ತರಿಸಿದ್ದ ಪುಸ್ತಕಗಳು ಹರಡಿಕೊಂಡಿದ್ದವು. ಒಂದು ವರ್ಷದಿಂದ ಸಮಿತಿ ಅವನ್ನು ಆರಿಸುತ್ತಲೇ ಇತ್ತು. ದಪ್ಪಕ್ಷರ ಬೇಕೆಂದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಣ್ಣ ಪುಸ್ತಕ ಬೇಕೆಂದವರಿಗೆ ಕೈಚೀಲ ಚಿಕ್ಕದಾಗಿತ್ತು. ರಟ್ಟಿನ ಬಣ್ಣ ಕೆಂಪೋ ನೀಲಿಯೋ ಎಂಬುದರ ಮೇಲೆ ಎರಡು ಕುಟುಂಬಗಳು ಮಾತು ಬಿಟ್ಟಿದ್ದವು. ಒಳಗೆ ಯಾವ ಹಾಡಿರಬೇಕೆಂದು ಇನ್ನೂ ಯಾರೂ ಕೇಳಿರಲಿಲ್ಲ. ಖರ್ಚಿಗೆಂದು ಎತ್ತಿದ ವಿಶೇಷ ಕಾಣಿಕೆಯಲ್ಲಿ ಚಿಲ್ಲರೆ ಕಾಸು, ಹರಿದ ನೋಟು ಮತ್ತು ಒಂದು ಕೋಟಿನ ಗುಂಡಿ ಬಂದಿದ್ದವು. ಗುಂಡಿಯನ್ನು ಕೊಟ್ಟವರು ಬಡವರಲ್ಲ. ಬಡವರ ಹತ್ತಿರ ಕೋಟಿರಲಿಲ್ಲ. ಪ್ರೆಸ್ಸಿನವನು ಬೇರೆ, ಇವತ್ತು ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಕಾಗದವನ್ನು ಮದುವೆ ಕರೆಯೋಲೆಗೆ ಕೊಟ್ಟುಬಿಡುತ್ತೇನೆಂದು ಹೇಳಿಕಳಿಸಿದ್ದ.

"ಇದನ್ನೇ ಮೊದಲನೇ ಹಾಡು ಮಾಡೋಣ," ಎಂದರು ಫಾದರ್. ಒಳ್ಳೆಯ ಮನುಷ್ಯ, ಎಲ್ಲರ ಮಾತಿಗೂ ಹೂಂ ಅನ್ನುತ್ತಿದ್ದರು, ಕೊನೆಗೆ ದುಡ್ಡಿದ್ದವರ ಮಾತಿಗೆ ಎರಡು ಸಲ. "ಬರೆದವರು ಯಾರು ಅಂತ ಗೊತ್ತಾಗಿದ್ರೆ ಮೊದಲನೇ ಪುಟದಲ್ಲೇ ಅವರ ಫೋಟೋ ಹಾಕಬಹುದಿತ್ತು. ಮನೆಯವರು ಯಾರಾದ್ರೂ ಇದ್ರೆ, ಖರ್ಚಿಗೆ ಒಂದು ಕೈ..."

ಕೋಣೆ ಒಂದು ಗಳಿಗೆ ಮೌನವಾಯಿತು. ತಾತಂದಿರು ಹುಟ್ಟುವ ಮೌನ ಅದು.

ಮೊದಲು ಬೇಕರಿ ಮಾಲೀಕರು ಕೆಮ್ಮಿದರು. "ಫಾದರ್, ಹೇಳಬಾರದು ಅಂತಿದ್ದೆ. ಈ ಹಾಡು ನಮ್ಮಮ್ಮ ಹಿಟ್ಟು ನಾದೋವಾಗ ಹಾಡ್ತಾ ಇದ್ರು. ಅವರಪ್ಪ ಕಟ್ಟಿದ್ದಂತೆ."

ಎಲ್ಲರೂ ಹೆಡ್ಮಾಸ್ಟರ ಮುಖ ನೋಡಿದರು. ಅವರು ಹಾಡನ್ನು ಮೆಲ್ಲಗೆ ಗೊಣಗಿಕೊಂಡು, "ಇರಬಹುದು," ಎಂದರು. "'ನಿನ್ನ ಉಸಿರ ನನಗೆ ತುಂಬು'. ಹಿಟ್ಟು ಉಬ್ಬೋದು. 'ತೂತು ಬಿದ್ದ ಜೀವ'. ಬ್ರೆಡ್ ಕುಯ್ದು ನೋಡಿ, ಒಳಗೆಲ್ಲ ತೂತು. ಆಳವಾದ ರೂಪಕ."

"ರಟ್ಟಿನ ಖರ್ಚು ನಾನು ಕೊಡ್ತೀನಿ," ಎಂದರು ಬೇಕರಿಯವರು.

"ನಮ್ಮ ತಾತ," ಎಂದರು ಟಿಂಬರ್ ಸಾಹುಕಾರರು. ಅವರು ಅಷ್ಟೇ ಹೇಳಿ ನಿಲ್ಲಿಸಿದರು. ಅವರಿಗೆ ಪೂರ್ತಿ ಮಾತಾಡುವ ಅಭ್ಯಾಸವಿರಲಿಲ್ಲ. ಉಳಿದದ್ದನ್ನು ಬೇರೆಯವರು ಆಡಬೇಕು.

ಹೆಡ್ಮಾಸ್ಟರ ಕಣ್ಣು ಹೊಳೆಯಿತು. "ಅಯ್ಯೋ, ನನಗೆ ಇದು ಹೊಳೀಲೇ ಇಲ್ವಲ್ಲ. ತೂತು ಅಂದ್ರೆ ಹುಳ ಕೊರೆದ ತೂತು. ಮರಕ್ಕೆ ತೇಪೆ ಹಾಕೋದು ಬಡಗಿ, ನಮ್ಮ ಪ್ರಭುವೂ ಬಡಗಿಯ ಮಗ. 'ಉರುಳಿಕೊಂಡೇ ಬರುವೆ'. ಏನು ಉರುಳುತ್ತೆ? ದಿಮ್ಮಿ."

"ನಾವು ಉಂಡೆ ಮಾಡಿ ಉರುಳಿಸ್ತೀವಿ," ಎಂದರು ಬೇಕರಿಯವರು.

"ಉಂಡೆ ನೆಟ್ಟಗೆ ಎದ್ದು ನಿಲ್ಲುತ್ತೇನ್ರಿ?"

"ದಿಮ್ಮಿ ನಿಲ್ಲುತ್ತಾ?"

"ಒಳಗಿನ ಕಾಗದವೂ ನಾನೇ ಕೊಡ್ತೀನಿ. ರಟ್ಟೂ," ಎಂದರು ಸಾಹುಕಾರರು. "ಮುಂಗಡ ಇವತ್ತೇ."

"ದಿಮ್ಮಿ ನಿಲ್ಲುತ್ತೆ," ಎಂದರು ಫಾದರ್.

ಪಂಕ್ಚರಣ್ಣ ಗೋಡೆಗೆ ಒರಗಿ ನಿಂತಿದ್ದ. ಕುರ್ಚಿಗಳು ಖಾಲಿ ಇದ್ದವು, ಯಾರೂ ಕೂರು ಎಂದಿರಲಿಲ್ಲ. "ಸಾರ್," ಎಂದ, "ಟ್ಯೂಬು ಕೂಡ..."

"ಏನದು?"

"ಏನಿಲ್ಲ ಸಾರ್. ಟ್ಯೂಬಿಗೂ ತೂತು ಬೀಳುತ್ತೆ. ತೇಪೆ ಹಾಕ್ತಾರೆ, ಗಾಳಿ ತುಂಬ್ತಾರೆ, ಆಮೇಲೆ ಉರುಳುತ್ತೆ."

ಎಲ್ಲರೂ ನಕ್ಕರು. "ಪೂಜೆ ಮುಗಿಯೋದೇ ತಡ, ಇವನಿಗೆ ಅಂಗಡಿ ಜ್ಞಾಪಕ ಬರುತ್ತೆ," ಎಂದರು ಹೆಡ್ಮಾಸ್ಟರು. "ಮಧ್ಯಾಹ್ನ ಸಾಹುಕಾರರ ಮನೆಗೆ ಬಾ. ಹಾಡನ್ನ ಬರ್ಕೋಬೇಕು. ಸಂಜೆ ಜಪಸರ ಆದ ಮೇಲೆ ಜನರ ಮುಂದೆ ಘೋಷಣೆ."

ಮನೆಯಲ್ಲಿ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಬೀದಿಯ ಬಟ್ಟೆಯೆಲ್ಲ ಅವಳ ಕೈಯಲ್ಲೇ ಮಡಿಕೆಯಾಗುತ್ತಿತ್ತು. ಅವನು ನಡೆದದ್ದನ್ನು ಹೇಳಿ ಮುಗಿಸುವವರೆಗೆ ಇಸ್ತ್ರಿಪೆಟ್ಟಿಗೆ ಬುಸ್ ಎನ್ನುತ್ತಿತ್ತು.

"ನಿಮ್ಮಮ್ಮ ಹೋಗಿದ್ದು ಮೊನ್ನೆ ಮೊನ್ನೆ. ನೂರು ವರ್ಷ ಹೇಗಾಯ್ತು?"

"ಹೆಡ್ಮಾಸ್ಟ್ರು ಲೆಕ್ಕ ಹಾಕಿದ್ದು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ಅವರು. ಎತ್ತು ಈಯ್ತು ಅಂತ ಹೇಳಿದ್ದು ಯಾರು?"

ಅವನು ಚಪ್ಪಲಿ ಬಿಚ್ಚಲು ಬಗ್ಗಿದ.

"ಕಟ್ಟಿದೋನು ಕೋಡಂಗಿ, ಕದ್ದೋನು ವೀರಭದ್ರ," ಎಂದು ಅವಳು ಗಾದೆಯನ್ನೇ ತಿರುಗಿಸಿ ಹೊಡೆದಳು. "ನಾನು ಆವತ್ತು ಅತ್ತೆ ಕಾಲು ಒತ್ತುತ್ತಾ ಕೂತಿದ್ದೆ. 'ತೇಪೆ' ಅಂದಾಗ ಅವರು ನಕ್ಕಿದ್ದನ್ನ ನಾನು ನೋಡಿದ್ದೀನಿ. ಅದನ್ನ ಆ ದಿಮ್ಮಿ ತಾತನಿಗೆ ಬರೆದುಕೊಟ್ಟು ಬಂದ್ರಾ?"

"ಹಾಡು ಸೇರುತ್ತಲ್ಲೇ. ಮೊದಲನೇ ಪುಟ."

"ಫೋಟೋ ಯಾರದು?"

"ಅವರದು."

ಅವಳು ಕೈಯಲ್ಲಿದ್ದ ಅಂಗಿಯನ್ನು ಎತ್ತಿ ತೋರಿಸಿದಳು. ಬಿಳಿಯದು, ಗರಿಗರಿ, ತಾಮ್ರದ ಗುಂಡಿಯದು. "ಇದು ಸಾಹುಕಾರರದೇ. ಸಂಜೆಗೆ ಬೇಕು ಅಂತ ಕಳಿಸಿದಾರೆ. ಸುಟ್ಟುಬಿಡ್ಲಾ?"

"ಬೇಡ. ದುಡ್ಡು ಹಿಡ್ಕೋತಾರೆ."

"ಹಾಗಾದ್ರೆ ಸಂಜೆ ಎದ್ದು ನಿಂತು ನಿಜ ಹೇಳಿ. ನಿಮಗೆ ಬಾಯಿ ಬರದಿದ್ರೆ ನಾನು ಹೇಳ್ತೀನಿ, ನನಗೆ ಬರುತ್ತೆ."

ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಸಾಹುಕಾರರ ಮನೆಯ ಹಜಾರದಲ್ಲಿ ಮೆತ್ತೆಯ ಕುರ್ಚಿಗಳಿದ್ದವು. ಪಂಕ್ಚರಣ್ಣನಿಗೆ ಹೊರಗೆ, ಡ್ರೈವರು ಕೂರುವ ಬೆಂಚು ತೋರಿಸಿದರು. ಅವನ ಕೈಯಲ್ಲಿ ಗ್ರೀಸಿದೆಯೇನೋ ಎಂದು ಮನೆಯವರಿಗೆ ಭಯ. ಅವನು ಸೋಪು ಹಾಕಿ ಎರಡು ಸಲ ತೊಳೆದುಕೊಂಡು ಬಂದಿದ್ದ. ಹೀಗಾಗಿ ಅವನು ಕಿಟಕಿಯ ಸರಳಿನ ಆಚೆಯಿಂದ ಹಾಡಬೇಕಾಯಿತು, ಹೆಡ್ಮಾಸ್ಟರು ಈಚೆಯಿಂದ ಬರೆದುಕೊಳ್ಳಬೇಕಾಯಿತು. ದಾರಿಯಲ್ಲಿ ಹೋಗುವವರಿಗೆ ಜೈಲಿನಲ್ಲಿ ಯಾರಿದ್ದಾರೆ, ನೋಡಲು ಬಂದವರು ಯಾರು ಎಂದು ತಿಳಿಯುತ್ತಿರಲಿಲ್ಲ.

"ಇನ್ನೊಂದು ಸಲ," ಎಂದರು ಹೆಡ್ಮಾಸ್ಟರು. ಹಾಡಿದ. "ಮತ್ತೆ." ಮತ್ತೆ ಹಾಡಿದ.

ಸೋದರತ್ತೆ ತೂಗುಕುರ್ಚಿಯಲ್ಲಿ ಕೂತು ಕೈಯಲ್ಲಿ ತಾಳ ಹಾಕುತ್ತಿದ್ದರು. ಮೂರನೆಯ ಸಲಕ್ಕೆ ಜೊತೆಗೆ ಗುನುಗಿದರು. ಆಮೇಲೆ ಇವನಿಗಿಂತ ಅರ್ಧ ಸಾಲು ಮುಂದೆ ಓಡತೊಡಗಿದರು. "ನಮ್ಮಪ್ಪ," ಎಂದು ಗದ್ಗದರಾದರು, "ನನ್ನನ್ನ ತೊಡೆ ಮೇಲೆ ಮಲಗಿಸ್ಕೊಂಡು ಇದನ್ನೇ ಹಾಡ್ತಿದ್ರಪ್ಪ. ನನಗೀಗ ಕಣ್ಣಿಗೆ ಕಟ್ಟಿದ ಹಾಗಿದೆ." ಸುಳ್ಳು ಹೇಳುವ ಮುಖವಲ್ಲ ಅದು. ಕಣ್ಣಲ್ಲಿ ನಿಜವಾದ ನೀರಿತ್ತು. ಪಂಕ್ಚರಣ್ಣನಿಗೆ ಒಂದು ಗಳಿಗೆ, ಇದನ್ನು ತಾನು ಎಲ್ಲೋ ಕೇಳಿಯೇ ಕಟ್ಟಿದೆನೇನೋ ಎಂದು ತನ್ನ ಮೇಲೇ ಅನುಮಾನ ಬಂತು.

ಸಾಹುಕಾರರು ಹೆಡ್ಮಾಸ್ಟರಿಂದ ಹಾಳೆಯನ್ನು ಓದಿಸಿಕೊಂಡರು. ಮುಖ ಗಂಟಿಕ್ಕಿತು. "'ಯಾರೂ ಬರಲಿಲ್ಲ ಹಿಂದೆ'?"

"ಯಾಕೆ, ಏನಾಯ್ತು?"

"ನಮ್ಮ ತಾತನ ಹಿಂದೆ ಯಾವಾಗ್ಲೂ ಹತ್ತು ಆಳು ಇರ್ತಿದ್ರು."

"ಸರಿ ಸರಿ. ಯಾರೋ ನಡುವೆ ಕೆಡಿಸಿದಾರೆ," ಎಂದು ಹೆಡ್ಮಾಸ್ಟರು 'ಎಲ್ಲರು ಬಂದರು ಹಿಂದೆ' ಎಂದು ತಿದ್ದಿದರು.

"'ಅರ್ಧ ದಾರೀಲಿ ಕೂತುಬಿಟ್ಟೆ' ಅಂದ್ರೆ?"

"ಅದೂ ಕೆಟ್ಟಿದೆ. 'ಪೂರ್ತಿ ದಾರಿ ನಡೆದು ಬಂದೆ'."

"ಆ ತೂತು," ಎಂದರು ಸೋದರತ್ತೆ ನಾಚಿಕೊಂಡು. "ನಮ್ಮಪ್ಪ ಅಂಥ ಮಾತು ಆಡ್ತಿರಲಿಲ್ಲ."

'ತೂತು ಬಿದ್ದ' ಹೋಗಿ 'ತುಂಬಿ ಬಂದ' ಆಯಿತು. ತೇಪೆಯದು ಬಡವರ ವಾಸನೆ ಎಂದು ಅದರ ಜಾಗಕ್ಕೆ ಲೇಪ ಬಂತು. ಈಗ ಹಾಡಿನಲ್ಲಿ ತುಂಬಿ ಬಂದ ಜೀವ, ಪೂರ್ತಿ ದಾರಿ ನಡೆದು ಮುಗಿಸಿ, ಆಳುಕಾಳುಗಳ ಸಮೇತ ದೇವರ ಮುಂದೆ ನಿಂತು, ಇನ್ನಷ್ಟು ತುಂಬು ಎಂದು ಕೇಳುತ್ತಿತ್ತು.

ಕಿಟಕಿಯ ಆಚೆ ಪಂಕ್ಚರಣ್ಣ ತಡೆಯಲಾರದೆ ಹೋದ. "ಸಾರ್, ಮೊದಲೇ ತುಂಬಿರೋದಕ್ಕೆ ಮತ್ತೆ ತುಂಬಿದ್ರೆ ಒಡೆದುಹೋಗುತ್ತೆ."

"ಅದು ಭಕ್ತಿಯಯ್ಯಾ. ನಿನಗೆ ಅರ್ಥವಾಗಲ್ಲ."

"ಅಲ್ಲ ಸಾರ್, 'ನೆಟ್ಟಗೆ ಎದ್ದು ನಿಲ್ಲುವೆ' ಅಂತಿದೆ. ಬಿದ್ದೇ ಇಲ್ವಲ್ಲ, ಏಳೋದು ಯಾಕೆ?"

"ನೋಡು," ಎಂದರು ಹೆಡ್ಮಾಸ್ಟರು, ಪೆನ್ನಿನ ಮುಚ್ಚಳ ಹಾಕುತ್ತಾ, "ಹಾಡೋದು ನಿನ್ನ ಕೆಲಸ. ಯೋಚನೆ ಮಾಡೋಕೆ ಸಮಿತಿ ಇದೆ."

ಸಂಜೆ ಚರ್ಚು ತುಂಬಿತ್ತು. ಭಾನುವಾರ ಸಂಜೆಯ ಜಪಸರಕ್ಕೆ ಸಾಮಾನ್ಯವಾಗಿ ಅಜ್ಜಿಯರೂ ಪಾರಿವಾಳಗಳೂ ಬರುವುದು. ಇವತ್ತು ಸಾಹುಕಾರರ ತಾತನೂ ಬಂದಿದ್ದರು. ಮರದ ಚೌಕಟ್ಟು ಹಾಕಿಸಿಕೊಂಡು ಬಲಿಪೀಠದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮೀಸೆ ದಪ್ಪ, ಕಣ್ಣು ಕೆಂಡ. ಹಾಡು ಕಟ್ಟಿದವರ ಮುಖಕ್ಕಿಂತ ಹಾಡು ನಿಲ್ಲಿಸಿದವರ ಮುಖದ ಹಾಗಿತ್ತು. ಪಕ್ಕದಲ್ಲಿ ಸಾಹುಕಾರರು ಬಿಳಿ ಅಂಗಿಯಲ್ಲಿದ್ದರು. ಅಂಗಿ ಎಲ್ಲೂ ಸುಟ್ಟಿರಲಿಲ್ಲ.

ಫಾದರ್ ಎದ್ದು, ಹೊಸ ಪುಸ್ತಕದ ಪೂರ್ತಿ ಖರ್ಚನ್ನು ಒಂದೇ ಕುಟುಂಬ ಹೊತ್ತುಕೊಂಡಿದೆ, ಪ್ರೆಸ್ಸಿಗೆ ಮುಂಗಡ ಹೋಗಿದೆ ಎಂದು ಸಾರಿದರು. ಮೊದಲನೆಯ ಹಾಡು ಯಾರದೆಂದು ಹೇಳಿ ಫೋಟೋ ಕಡೆ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ಬೇಕರಿಯವರು ಮಾತ್ರ ಕೈ ಕಟ್ಟಿಕೊಂಡಿದ್ದರು. ಅವರ ತಾತ ಬೆಳಗ್ಗೆ ಹುಟ್ಟಿ ಬೆಳಗ್ಗೆಯೇ ತೀರಿಕೊಂಡಿದ್ದರು.

ಹಿಂದಿನ ಬೆಂಚಿನಲ್ಲಿ ಹೆಂಡತಿ ಮೊಣಕೈಯಿಂದ ತಿವಿದಳು. ಅವನು ಎದ್ದ. ಎದ್ದನೋ, ತಿವಿತಕ್ಕೆ ಮೇಲೆ ಹಾರಿದನೋ, ಒಟ್ಟಿನಲ್ಲಿ ನಿಂತಿದ್ದ.

"ಫಾದರ್, ಆ ಹಾಡು ಹಳೇದಲ್ಲ. ನಾನು ಕಟ್ಟಿದ್ದು. ಅಮ್ಮ ಸಾಯೋವಾಗ."

ಜನ ತಿರುಗಿ ನೋಡಿದರು. ಹೆಡ್ಮಾಸ್ಟರು ಕನ್ನಡಕ ಏರಿಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಕಾಪಿ ಹೊಡೆದ ಹುಡುಗ ಕೈಗೆ ಸಿಕ್ಕ ಸಂತೋಷ ಬಂದಿತ್ತು.

"ಬೆಳಗ್ಗೆ ನನಗೆ ಏನು ಹೇಳಿದೆ?"

"ಹಳೇದು ಅಂದೆ ಸಾರ್."

"ಬರೀ ಹಳೇದಾ?"

"ತುಂಬ ಹಳೇದು ಅಂದೆ."

"ಅಂದ್ರೆ ಚರ್ಚಿನ ಬಾಗಿಲಲ್ಲಿ, ಪರಮಪ್ರಸಾದ ತಗೊಂಡ ಬಾಯಲ್ಲಿ ಸುಳ್ಳು ಹೇಳಿದೆ. ಇಲ್ಲಾ ಈಗ ಹೇಳ್ತಿದ್ದೀಯ. ಯಾವುದು?"

ಪಂಕ್ಚರಣ್ಣ ಎರಡು ಕಡೆಯೂ ತೂತಿರುವ ಟ್ಯೂಬಿನಂತಾದ. ಒಂದನ್ನು ಒತ್ತಿ ಹಿಡಿದರೆ ಇನ್ನೊಂದರಲ್ಲಿ ಗಾಳಿ ಹೋಗುತ್ತಿತ್ತು. "ಬೆಳಗ್ಗೆದು ಸುಳ್ಳು ಸಾರ್."

ಹೆಂಡತಿ ಎದ್ದಳು. "ಇವರೇ ಕಟ್ಟಿದ್ದು. ನಾನು ಪಕ್ಕದಲ್ಲೇ ಇದ್ದೆ. ಅತ್ತೆಯ ಕಾಲು ನನ್ನ ತೊಡೆ ಮೇಲಿತ್ತು."

"ಗಂಡನ ಪರ ಹೆಂಡತಿ ಹೇಳೋದು ಸಾಕ್ಷಿ ಆಗಲ್ಲಮ್ಮ."

"ಸಾರ್, ನಾನು ಇವರ ಪರ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು. ಬೇಕಾದ್ರೆ ಬೀದಿಯೋರನ್ನ ಕೇಳಿ."

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಮನೆಗೆಲಸದ ಹೆಂಗಸರಲ್ಲಿ ಒಬ್ಬಳು, "ಹೌದು ಕಣ್ರೀ, ಅದು ನಿಜ," ಎಂದಳು. ಸಾಹುಕಾರರು ಪಕ್ಕಕ್ಕೆ ಬಾಗಿ ಫಾದರ್ ಕಿವಿಯಲ್ಲಿ ಏನೋ ಅಂದರು. ಪೂರ್ತಿ ಮಾತಾಡದ ಮನುಷ್ಯ. ಆದರೆ ಫಾದರ್ ಮುಖ ನೋಡಿದರೆ 'ಮುಂಗಡ' ಎಂಬುದನ್ನು ಮಾತ್ರ ಪೂರ್ತಿ ಆಡಿದಂತಿತ್ತು.

ಫಾದರ್ ಎರಡು ಕೈಯನ್ನೂ ಎತ್ತಿದರು. "ಜಗಳ ಬೇಡ. ಅನ್ಯಾಯವೂ ಬೇಡ. ಪರೀಕ್ಷೆ ಮಾಡಿಬಿಡೋಣ. ತನ್ನ ಹಾಡು ಕಟ್ಟಿದೋನಿಗೆ ಮರೆಯಲ್ಲ. ಇವನೂ ಹಾಡಲಿ, ಸಾಹುಕಾರರ ಮನೆಯವರೂ ಹಾಡಲಿ. ಯಾರದು ಸರಿಯೋ ಅವರದು ಹಾಡು."

ಪಂಕ್ಚರಣ್ಣನ ಜೀವಕ್ಕೆ ಜೀವ ಬಂತು. ಹಾಡುವುದೇ ತಾನೇ. ಅವನು ಮುಂದೆ ಹೋಗಿ, ತಾತನ ಕೆಂಡಗಣ್ಣು ತಪ್ಪಿಸಿ ನಿಂತು, ಅಮ್ಮನ ಮುಖ ನೆನೆಸಿಕೊಂಡು ಹಾಡಿದ. ಬೆಳಗಿನದಕ್ಕಿಂತ ಚೆನ್ನಾಗಿ ಹಾಡಿದ. ತೂತನ್ನೂ ಬಿಡಲಿಲ್ಲ, ತೇಪೆಯನ್ನೂ ಬಿಡಲಿಲ್ಲ, ಯಾರೂ ಹಿಂದೆ ಬರದ ಅರ್ಧ ದಾರಿಯನ್ನೂ ಬಿಡಲಿಲ್ಲ. ಹಿಂದಿನ ಬೆಂಚುಗಳು ಮುಂದಕ್ಕೆ ಬಾಗಿ ಕೇಳಿದವು.

ಹೆಡ್ಮಾಸ್ಟರು ಮಧ್ಯಾಹ್ನ ಬರೆದುಕೊಂಡ ಹಾಳೆಯನ್ನು ಮುಂದಿಟ್ಟುಕೊಂಡು, ಪ್ರತಿ ಸಾಲಿಗೂ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಾ ಹೋದರು.

ಆಮೇಲೆ ಸೋದರತ್ತೆಯನ್ನು ಕೈಹಿಡಿದು ಎಬ್ಬಿಸಿದರು. ಅವರು ತಂದೆಯ ಫೋಟೋ ನೋಡಿ, ಒಂದು ಬಿಕ್ಕಿ, ಕೀರಲು ದನಿಯಲ್ಲಿ ತುಂಬಿ ಬಂದ ಜೀವವನ್ನು ಹಾಡಿದರು. ಧಾಟಿ ಎರಡು ಕಡೆ ಜಾರಿತು, ಒಂದು ಕಡೆ ಬಿದ್ದೇಹೋಯಿತು. ಮಾತು ಮಾತ್ರ ಹಾಳೆಯಲ್ಲಿದ್ದಂತೆ ಅಕ್ಷರಶಃ ಬಂತು.

ಹೆಡ್ಮಾಸ್ಟರು ಎದ್ದು ಗಂಟಲು ಸರಿಮಾಡಿಕೊಂಡರು. "ಅಮ್ಮನವರದು ಒಂದೂ ತಪ್ಪಿಲ್ಲ. ಈತನದು ತೂತು ತಪ್ಪು, ತೇಪೆ ತಪ್ಪು, ಅರ್ಧ ದಾರಿ ತಪ್ಪು, ಯಾರೂ ಬರಲಿಲ್ಲ ಅನ್ನೋದು ದೊಡ್ಡ ತಪ್ಪು. ತನ್ನ ಹಾಡನ್ನೇ ಇಷ್ಟು ತಪ್ಪಾಗಿ ಹಾಡೋನು ಲೋಕದಲ್ಲಿ ಇರೋಕೆ ಸಾಧ್ಯವಾ? ನೀವೇ ಹೇಳಿ."

ಲೋಕ ಹೇಳಲಿಲ್ಲ. ಮುಂದಿನ ಬೆಂಚುಗಳು ತಲೆದೂಗಿದವು. ಹೆಂಡತಿ, "ಆ ಹಾಳೆ ಬರ್ಕೊಂಡಿದ್ದು ಯಾರ ಬಾಯಿಂದ, ಅದನ್ನ ಕೇಳಿ," ಎಂದು ಕೂಗಿದಳು. ಅಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು.

"ಸಾರ್, ಮಧ್ಯಾಹ್ನ ನಾನೇ ಅಲ್ವಾ ಕಿಟಕಿ ಹತ್ರ..." ಎಂದು ಪಂಕ್ಚರಣ್ಣ ಶುರುಮಾಡಿದ.

"ಹೌದಪ್ಪ. ಮಧ್ಯಾಹ್ನವೂ ಹೀಗೇ ತಪ್ಪಾಗಿ ಹಾಡಿದೆ. ನಾನು ತಿದ್ದಿ ತಿದ್ದಿ ಸಾಕಾಯ್ತು."

ಫಾದರ್ ಇಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಮೆತ್ತನೆಯ ಕೈ. "ಬೇಜಾರು ಮಾಡ್ಕೋಬೇಡ. ಹಾಡಿನ ಮೇಲೆ ನಿನಗೆ ಪ್ರೀತಿ ಜಾಸ್ತಿ, ತನ್ನದೇ ಅನ್ನಿಸಿಬಿಟ್ಟಿದೆ. ಒಂದು ಸಲ ಪಾಪನಿವೇದನೆಗೆ ಬಾ, ಹಗುರಾಗುತ್ತೆ. ಹೊಸ ಪುಸ್ತಕ ಬಂದ ಮೇಲೆ ಹಾಡು ಎತ್ತಿಕೊಡೋದನ್ನ ಸ್ವಲ್ಪ ದಿನ ಅಮ್ಮನವರೇ ನೋಡ್ಕೊಳ್ಳಲಿ. ನೀನು ಅವರ ಹಿಂದೆ ಹಾಡು. ಸರಿಯಾದ ಪಾಠ ಅಭ್ಯಾಸ ಆಗುತ್ತೆ."

ಅವನು ಹೂಂ ಎಂದ.

ಫಾದರ್ ಮನಸ್ಸು ಕರಗಿತು. ಅವರು ಹೆಡ್ಮಾಸ್ಟರ ಕಡೆ ತಿರುಗಿದರು. "ಏನೇ ಇರಲಿ, ಹಾಡನ್ನ ನಮ್ಮ ತನಕ ತಂದೋನು ಇವನೇ. ಪುಸ್ತಕದಲ್ಲಿ ಇವನ ಬಗ್ಗೆ ಒಂದು ಸಾಲು ಬೇಡವೇ? ಹಾಡಿನ ಕೆಳಗೇ ಹಾಕಿಬಿಡಿ."

"ಆಗಲೇ ಬರೆದಿದ್ದೀನಿ," ಎಂದರು ಹೆಡ್ಮಾಸ್ಟರು.

ಪಂಕ್ಚರಣ್ಣ ತಲೆಯೆತ್ತಿದ. ಹಿಂದಿನ ಬೆಂಚಿನಲ್ಲಿ ಹೆಂಡತಿಯೂ ಕತ್ತು ಚಾಚಿದಳು. ಇಡೀ ಚರ್ಚು ಕೇಳುವ ಹಾಗೆ ಹೆಡ್ಮಾಸ್ಟರು ಹಾಳೆಯ ಕೊನೆಯ ಸಾಲನ್ನು ಬಿಡಿಸಿ ಬಿಡಿಸಿ ಓದಿದರು:

"ಸೂಚನೆ: ಈ ಪ್ರಾಚೀನ ಗೀತೆಯ ಅಶುದ್ಧ ಪಾಠವೊಂದು ಪಂಕ್ಚರ್ ಅಂಗಡಿಯ ಸುತ್ತಮುತ್ತ ಪ್ರಚಾರದಲ್ಲಿದೆ. ಭಕ್ತಾದಿಗಳು ಅದನ್ನು ಹಾಡಬಾರದಾಗಿ ವಿನಂತಿ."